ಮರಳ ಮೇಲೆ ಮೊಟ್ಟೆಚಿಪ್ಪು

ಗಾಳಿ ಎದುರಿನಿಂದ ಬೀಸುತ್ತಿದೆ. ದಂಡೆಯ ಮರಳನ್ನು ಎತ್ತಿ ತಂದು ಕಣಕಾಲಿಗೆ ರಾಚುತ್ತಿದೆ. ಮಡಚಿಕೊಂಡಿದ್ದ ಪ್ಯಾಂಟನ್ನು ಹತ್ತು ಹೆಜ್ಜೆಗೇ ಇಳಿಸಿಕೊಳ್ಳುತ್ತೀರಿ. ಬೆನ್ನ ಹಿಂದೆ ಇಡೀ ಮಡಗಾಸ್ಕರ್ ಇದೆ, ತುದಿಯಿಂದ ತುದಿಗೆ 1,500 ಕಿಲೋಮೀಟರಿಗೂ ಮೇಲೆ. ಮುಂದೆ ನೀರು. ಎಲ್ಲೋ ಕೆಲವು ಪುಟ್ಟ ದ್ವೀಪಗಳನ್ನು ಬಿಟ್ಟರೆ ಅಂಟಾರ್ಕ್ಟಿಕಾದವರೆಗೂ ನೀರೇ. ಈ ಹಳ್ಳಿಗೆ ಫ್ರೆಂಚರು ಇಟ್ಟ ಹೆಸರು ಫೋ ಕಾಪ್. ಊರಿನವರು ಬೆತಾಂತಿ ಎನ್ನುತ್ತಾರೆ. ಫೋರ್ಟ್ ಡೋಫಿನ್‌ನಿಂದ ಹೊರಟು, ಮುಗಿಯದ ಕತ್ತಾಳೆ ತೋಟಗಳನ್ನು ದಾಟಿ, ಅಂಬೊವೊಂಬೆ, ತ್ಸಿಹೊಂಬೆಗಳ ಮೇಲೆ, ರಸ್ತೆ ಎಂದು ಕರೆಯಲು ಧೈರ್ಯ ಬೇಕಾದ ಹಾದಿಯಲ್ಲಿ ಜೀಪು ಕುಣಿದು ಕುಣಿದು ನಿಮ್ಮನ್ನು ಇಲ್ಲಿ ಇಳಿಸಿದೆ.

ದಾರಿಯುದ್ದಕ್ಕೂ ಪಾಪಾಸುಕಳ್ಳಿಯ ಬೇಲಿ, ಹಿಣಿಲು ಹೊತ್ತ ದನಗಳು, ಪ್ಲಾಸ್ಟಿಕ್ ಕ್ಯಾನುಗಳಲ್ಲಿ ನೀರು ಹೇರಿಕೊಂಡು ಹೋಗುವ ಎತ್ತಿನ ಗಾಡಿ, ಅಲ್ಲಲ್ಲಿ ಹುಣಸೆಮರ. ನಮ್ಮ ಬಯಲುಸೀಮೆಯವರಿಗೆ ಇದು ಪರದೇಶ ಅನ್ನಿಸಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಮುಳ್ಳುಕಾಡು ಶುರುವಾಗುತ್ತದೆ. ಕೊಂಬೆಯಿಲ್ಲದೆ ಬುಡದಿಂದಲೇ ಕವಲೊಡೆದು ನೆಟ್ಟಗೆ ಆಕಾಶಕ್ಕೆ ಎದ್ದ ಕಾಂಡಗಳು. ಒಂದೊಂದರ ಮೈಮೇಲೂ ಸಾಲುಸಾಲು ಮುಳ್ಳು, ಮುಳ್ಳಿನ ಸಂದಿಯಲ್ಲಿ ನಾಣ್ಯದಗಲದ ಎಲೆ. ಜಗತ್ತಿನಲ್ಲಿ ಈ ಕಾಡು ಇರುವುದು ಇಲ್ಲಿ ಮಾತ್ರ.

ದಿಬ್ಬ ಏರುವಾಗ ಕಾಲಡಿ ಕಟಕ್ ಎನ್ನುತ್ತದೆ. ಬಗ್ಗಿ ನೋಡಿದರೆ ಒಡೆದ ಮಡಕೆಯ ಬೋಕಿ. ಪಕ್ಕದಲ್ಲಿ ಇನ್ನೊಂದು. ಕಣ್ಣು ಹೊಂದಿಕೊಂಡ ಮೇಲೆ ದಿಬ್ಬದ ಇಳಿಜಾರಿನ ತುಂಬ ಅವೇ. ಯಾವುದೋ ಕಾಲದ ಕುಂಬಾರರ ಕೇರಿಯೇ ಇಲ್ಲಿತ್ತೇನೋ ಎನ್ನಿಸಬೇಕು, ಹಾಗೆ. ಒಂದನ್ನು ಎತ್ತಿಕೊಳ್ಳಿ. ಅಂಗೈಯ ಅರ್ಧದಷ್ಟಿದೆ, ಕೆನೆಬಣ್ಣ, ಒಂದು ಅಂಚಿನಲ್ಲಿ ಕಂದು. ದಪ್ಪ 3ರಿಂದ 4 ಮಿಲಿಮೀಟರ್. ಬಿಸಿಲಿಗೆ ಓರೆಯಾಗಿ ಹಿಡಿದರೆ ಹೊರಮೈಯಲ್ಲಿ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ಸೂಜಿಯಿಂದ ಕೆತ್ತಿದಂತಿವೆ, ಆದರೆ ಯಾರೂ ಕೆತ್ತಿದ್ದಲ್ಲ. ಅವು ಉಸಿರುರಂಧ್ರಗಳು. ಒಳಗಿನ ಮರಿಗೆ ಗಾಳಿ ಹೋಗುತ್ತಿದ್ದುದು ಅಲ್ಲಿಂದ. ಬಾಗು ಎಷ್ಟು ಕಡಿಮೆಯೆಂದರೆ, ಚೂರನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಒಂದು ಮೂಲೆ ಒತ್ತಿದಾಗ ಅದು ತೂಗಾಡಿದರಷ್ಟೇ ಗೊತ್ತಾಗುತ್ತದೆ. ಬಾಗು ಅಷ್ಟು ಸಣ್ಣದಾದರೆ ಮೊಟ್ಟೆ ಎಷ್ಟು ದೊಡ್ಡದಿರಬೇಕು?

ಒಂದಡಿ ಉದ್ದ. ಒಳಗೆ ಎಂಟೊಂಬತ್ತು ಲೀಟರ್ ಹಿಡಿಯುತ್ತದೆ. ಸುಮಾರು 150 ಕೋಳಿಮೊಟ್ಟೆ ಅಥವಾ ಏಳು ಉಷ್ಟ್ರಪಕ್ಷಿಯ ಮೊಟ್ಟೆಗಳಲ್ಲಿ ಇರುವಷ್ಟು ಸಾರ ಇದೊಂದರಲ್ಲೇ. ಬದುಕಿರುವುದಾಗಲಿ ಅಳಿದಿರುವುದಾಗಲಿ, ಯಾವ ಹಕ್ಕಿಯೂ ಇದಕ್ಕಿಂತ ದೊಡ್ಡ ಮೊಟ್ಟೆ ಇಟ್ಟದ್ದು ಯಾರಿಗೂ ಗೊತ್ತಿಲ್ಲ. ನಮಗೆ ತಿಳಿದಿರುವ ಡೈನೋಸಾರುಗಳಲ್ಲಿಯೂ ಈ ಗಾತ್ರದ ಮೊಟ್ಟೆಗೆ ಸಾಟಿಯಾಗುವವು ಕೆಲವೇ. ಇಟ್ಟದ್ದು ಆನೆಹಕ್ಕಿ.

ಆ ಹೊತ್ತಿಗೆ ಒಬ್ಬ ಹುಡುಗ ದಿಬ್ಬದ ಆಚೆಯಿಂದ ಓಡಿ ಬರುತ್ತಾನೆ. "ವಜಾಹ!" ಎಂದು ಕೂಗುತ್ತಾನೆ, ಹೊರಗಿನವರನ್ನೆಲ್ಲ ಇಲ್ಲಿ ಹಾಗೇ ಕರೆಯುವುದು. ಮೈಬಣ್ಣದಲ್ಲಿ ನಿಮಗೂ ಅವನಿಗೂ ಹೆಚ್ಚೇನೂ ಅಂತರವಿಲ್ಲದಿದ್ದರೂ ನೀವು ವಜಾಹ. ಅವನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪೂರ್ತಿ ಮೊಟ್ಟೆ. ಬಿಚ್ಚಿ ತೋರಿಸುತ್ತಾನೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ನೂರಾರು ಚೂರುಗಳನ್ನು ಅಂಟು ಹಾಕಿ ಕೂಡಿಸಿದ್ದು. ಒಂದು ಕಡೆ ಕೆನೆ, ಇನ್ನೊಂದು ಕಡೆ ಬೂದು, ನಡುವೆ ಒಂದೆಡೆ ಉಬ್ಬಿಕೊಂಡಿದೆ. ಎಷ್ಟು ಮೊಟ್ಟೆಗಳ ಚೂರು ಇದರೊಳಗೆ ಸೇರಿದೆಯೋ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನೂರಾರು ವರ್ಷ ಇದ್ದರೂ ಇರಬಹುದು. ಅನುಮತಿ ಇಲ್ಲದೆ ಇದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ ಎಂದು ಅವನಿಗೂ ಗೊತ್ತು, ನಿಮಗೂ ಗೊತ್ತು. ಆದರೂ ಅವನು ಬೆಲೆ ಹೇಳುತ್ತಾನೆ. 2013ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಡೆಯದ ಒಂದು ಮೊಟ್ಟೆ 66,675 ಪೌಂಡಿಗೆ ಹೋಯಿತು. ಹುಡುಗ ಕೇಳುತ್ತಿರುವುದು ಅದರ ಸಾವಿರದಲ್ಲೊಂದು ಪಾಲೂ ಅಲ್ಲ.

1960ರಲ್ಲಿ ಡೇವಿಡ್ ಅಟೆನ್‌ಬರೋ ದ್ವೀಪದ ಈ ದಕ್ಷಿಣ ಭಾಗದಲ್ಲೇ ಚಿತ್ರೀಕರಣಕ್ಕೆ ಅಲೆದಾಡುತ್ತಿದ್ದಾಗಲೂ ಇಂಥ ಒಬ್ಬ ಹುಡುಗ ಚೂರುಗಳ ಗಂಟು ತಂದುಕೊಟ್ಟಿದ್ದ. ಅವುಗಳಲ್ಲಿ ಕೆಲವು ದೊಡ್ಡ ಚೂರುಗಳು ಒಂದಕ್ಕೊಂದು ಸರಿಯಾಗಿ ಕೂತವು, ಒಂದೇ ಮೊಟ್ಟೆಯವು. ಅಟೆನ್‌ಬರೋ ಕೂತು ಅಂಟಿಸಿದರು. ಐವತ್ತು ವರ್ಷ ಅದು ಅವರ ಬಳಿಯೇ ಇತ್ತು. ಆಮೇಲೆ ಆಕ್ಸ್‌ಫರ್ಡಿನಲ್ಲಿ ರೇಡಿಯೋಕಾರ್ಬನ್ ಪರೀಕ್ಷೆ ಮಾಡಿಸಿದಾಗ ಬಂದ ವಯಸ್ಸು ಸುಮಾರು 1,300 ವರ್ಷ.

ಹಾಗಾದರೆ 1,300 ವರ್ಷ ಹಿಂದಕ್ಕೆ ಸರಿಯೋಣ. ನಮ್ಮ ಕಡೆ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾರೆ. ಇಲ್ಲಿ, ಇದೇ ದಿಬ್ಬದ ಹಿಂದೆ, ರಾತ್ರಿ.

ರಾತ್ರಿಯೇ ಯಾಕೆಂದರೆ, ತಲೆಬುರುಡೆ ಹಾಗೆ ಹೇಳುತ್ತದೆ. ಮಿದುಳು ಕೊಳೆತು ಹೋದರೂ ಅದು ಕೂತಿದ್ದ ಗೂಡು ಎಲುಬಿನಲ್ಲಿ ಉಳಿದಿದೆ. ಅದನ್ನು ಸ್ಕ್ಯಾನ್ ಮಾಡಿ ಮಿದುಳಿನ ಅಚ್ಚು ತೆಗೆದ ಅಮೆರಿಕದ ಇಬ್ಬರು ವಿಜ್ಞಾನಿಗಳು 2018ರಲ್ಲಿ ಬರೆದದ್ದು: ನೋಟವನ್ನು ಸಂಭಾಳಿಸುವ ಭಾಗ ಇದರಲ್ಲಿ ಸೊರಗಿಹೋಗಿದೆ, ರಾತ್ರಿ ಅಲೆಯುವ ಕಿವಿ ಹಕ್ಕಿಯಲ್ಲಿ ಇರುವಂತೆಯೇ. ವಾಸನೆಯ ಭಾಗ ಚೆನ್ನಾಗಿ ಬೆಳೆದಿದೆ. ಅಂದರೆ ಈ ದೈತ್ಯನಿಗೆ ಕಣ್ಣು ಮಂದ. ಕತ್ತಲಲ್ಲಿ ಮೂಗಿನ ಜಾಡು ಹಿಡಿದು ನಡೆಯುವ, ಮೂರು ಮೀಟರ್ ಎತ್ತರದ ಹಕ್ಕಿ! ಹಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಇದು ನಡುಹಗಲಲ್ಲಿ ಬಯಲಿನ ನಡುವೆ ಉಷ್ಟ್ರಪಕ್ಷಿಯ ಠೀವಿಯಲ್ಲಿ ನಿಂತಿರುತ್ತದೆ. ಆ ಚಿತ್ರಗಳನ್ನು ಇನ್ನು ಮಡಚಿಡಬೇಕು.

ನಿಮಗೆ ಮೊದಲು ಕೇಳುವುದು ಒಣಕಡ್ಡಿ ಮುರಿಯುವ ಸದ್ದು. ಆಮೇಲೆ ಭಾರವಾದ ಹೆಜ್ಜೆ, ಬಿಟ್ಟು ಬಿಟ್ಟು. ಅವಸರವಿಲ್ಲ. ಇಷ್ಟು ದಪ್ಪ ಕಾಲೆಲುಬಿನ ಪ್ರಾಣಿ ಓಡುವುದು ಅಪರೂಪ. ಮುಳ್ಳುಗಿಡದ ಸಂದಿಯಿಂದ ಮೊದಲು ಕತ್ತು ಬರುತ್ತದೆ, ಆ ಮೈಗೆ ತೀರ ಸಣ್ಣದೆನಿಸುವ ತಲೆ, ಗಟ್ಟಿ ನೇರ ಕೊಕ್ಕು. ಹಿಂದೆ ಎಲುಬಿನ ಪೀಪಾಯಿಯಂಥ ಮೈ. ರೆಕ್ಕೆ ಎಲ್ಲಿ ಎಂದು ಹುಡುಕಬೇಡಿ. ಗರಿಗಳ ಅಡಿಯಲ್ಲೆಲ್ಲೋ ಗೆಣ್ಣುದ್ದದ ಮೂಳೆ ಉಳಿದಿದೆ, ಅಷ್ಟೇ. ಕೊಕ್ಕು ಒಂದು ಪೊದೆಗೆ ತಾಗುತ್ತದೆ. ಈ ಪೊದೆಗಳ ರೆಂಬೆ ತಂತಿಯಷ್ಟು ತೆಳು, ಎಳೆದರೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಎಲೆ ಸಣ್ಣದು, ಒಂದಕ್ಕೊಂದು ದೂರ. ಬಾಯಿಯಲ್ಲಿ ಹಲ್ಲಿಲ್ಲದ, ಕೊಕ್ಕಿನಿಂದ ಕಿತ್ತೇ ತಿನ್ನಬೇಕಾದ ಹಕ್ಕಿಗೆ ಇದು ಮಹಾ ಕಿರಿಕಿರಿ. ಹಕ್ಕಿಯಿಂದ ತಪ್ಪಿಸಿಕೊಳ್ಳಲೆಂದೇ ಗಿಡಗಳು ಹೀಗೆ ಬೆಳೆದವೆಂದು ಸಸ್ಯವಿಜ್ಞಾನಿಗಳಲ್ಲಿ ಕೆಲವರ ವಾದ. ಆನೆಹಕ್ಕಿ ಹೋಗಿ ಸಾವಿರ ವರ್ಷವಾಗಿದೆ, ಆ ಗಿಡಗಳು ಇಂದಿಗೂ ಹಾಗೇ ತಂತಿ ಹೆಣೆದುಕೊಂಡು ಕೂತಿವೆ. ನೀವು ಬರುವ ದಾರಿಯಲ್ಲಿ ಅಂಗಿಗೆ ಸಿಕ್ಕಿಹಾಕಿಕೊಂಡದ್ದು ಅದೇ ಜಾತಿಯ ಗಿಡವಿರಬಹುದು.

ಈ ರಾತ್ರಿಯಲ್ಲಿ ಆನೆಹಕ್ಕಿ ಒಂಟಿಯಲ್ಲ. ದ್ವೀಪದಲ್ಲಿ ಕುಳ್ಳ ನೀರಾನೆಗಳಿವೆ, ದೈತ್ಯ ಆಮೆಗಳಿವೆ, ಮರ ಅಪ್ಪಿಕೊಂಡು ಕೂತ ಭಾರಿ ಲೀಮರ್‌ಗಳಿವೆ. ಇವಿಷ್ಟೂ ಹಕ್ಕಿಯ ಜೊತೆಗೇ, ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಹೋದವು. ಸ್ವಲ್ಪ ದೂರದಲ್ಲಿ ಒಂದು ಬೆಂಕಿಯೂ ಕಾಣುತ್ತದೆ. ಮನುಷ್ಯರು ಬಂದಾಗಿದೆ.

ಅವರು ಈ ಹಕ್ಕಿಯನ್ನು ಬೇಟೆಯಾಡಿದರೇ? ಕೆಲವು ಮೂಳೆಗಳ ಮೇಲೆ ಗೀರುಗಳಿವೆ. 10,000 ವರ್ಷಕ್ಕೂ ಹಳೆಯ ಒಂದು ಕಾಲೆಲುಬಿನ ಮೇಲಿನ ಗೀರು ಮನುಷ್ಯನ ಆಯುಧದ್ದೇ ಎಂದು 2018ರಲ್ಲಿ ಒಂದು ತಂಡ ಹೇಳಿತು. ಮನುಷ್ಯ ಅಷ್ಟು ಮೊದಲೇ ಇಲ್ಲಿಗೆ ಬಂದಿರಲಿಲ್ಲ ಎನ್ನುವವರು ಒಪ್ಪಲಿಲ್ಲ. ನನ್ನ ಮಟ್ಟಿಗೆ ಆ ಜಗಳಕ್ಕಿಂತ ಈ ದಿಬ್ಬವೇ ಹೆಚ್ಚು ಹೇಳುತ್ತದೆ. ಅರ್ಧ ಟನ್ ತೂಗುವ, ಒದ್ದರೆ ಎಲುಬು ಪುಡಿಯಾಗುವ ಹಕ್ಕಿಯ ತಂಟೆಗೆ ಹೋಗುವುದಕ್ಕಿಂತ, ಅದಿಲ್ಲದ ಹೊತ್ತು ನೋಡಿ ಮೊಟ್ಟೆ ಎತ್ತಿಕೊಂಡು ಬರುವುದು ಸುಲಭ. ಒಂದು ಮೊಟ್ಟೆ ಒಂದು ದೊಡ್ಡ ಸಂಸಾರಕ್ಕೆ ಊಟ. ಚಿಪ್ಪೂ ವ್ಯರ್ಥವಲ್ಲ: ನೀರಿಗೆ ಪರದಾಡುವ ಈ ಸೀಮೆಯಲ್ಲಿ ಎಂಟು ಲೀಟರ್ ಹಿಡಿಯುವ ಪಾತ್ರೆ ಯಾರಿಗೆ ಬೇಡ? ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ನಾವಿಕರು ಕೂಡ ಜನ ಇದರಲ್ಲಿ ಪಾನೀಯ ತುಂಬಿಕೊಂಡು ಹೋಗುವುದನ್ನು ಕೇಳಿ ಬರೆದಿದ್ದಾರೆ. ಕೋಣದಷ್ಟು ದೊಡ್ಡ ಪ್ರಾಣಿಗಳ ಸಂತಾನ ನಿಧಾನ. ನೆಲದ ಮೇಲೆ ಬಿದ್ದಿರುವ ಮೊಟ್ಟೆಯನ್ನು ವರ್ಷ ವರ್ಷವೂ ಎತ್ತುತ್ತಾ ಹೋದರೆ, ಹಕ್ಕಿಯ ಮೈಮುಟ್ಟದೆಯೇ ಅದರ ವಂಶ ಮುಗಿಯುತ್ತದೆ. ಕಾಡು ಸುಟ್ಟದ್ದು, ಬರ ಬಿದ್ದದ್ದು, ದನಗಳು ಬಂದದ್ದು ಎಲ್ಲವೂ ಅದಕ್ಕೆ ಸೇರಿಕೊಂಡಿರಬಹುದು.

ಹಗಲಿಗೆ ಬನ್ನಿ. ಹುಡುಗ ಇನ್ನೂ ನಿಂತಿದ್ದಾನೆ.

ಫ್ರೆಂಚ್ ಗವರ್ನರ್ ಎಟಿಯೆನ್ ದ ಫ್ಲಾಕೂರ್ 1658ರಲ್ಲಿ ಪ್ರಕಟಿಸಿದ ಮಡಗಾಸ್ಕರಿನ ಚರಿತ್ರೆಯಲ್ಲಿ ಈ ದಕ್ಷಿಣ ಸೀಮೆಯಲ್ಲಿ ಅಡಗಿರುವ, ಉಷ್ಟ್ರಪಕ್ಷಿಯ ಹಾಗೆ ಮೊಟ್ಟೆಯಿಡುವ, ಜನರ ಕೈಗೆ ಸಿಗದಂತೆ ನಿರ್ಜನ ಜಾಗ ಹುಡುಕಿಕೊಳ್ಳುವ ಒಂದು ದೊಡ್ಡ ಹಕ್ಕಿಯ ಮಾತಿದೆ. ಅವನು ಕಂಡದ್ದಲ್ಲ, ಕೇಳಿದ್ದು. ಆಗ ಹಕ್ಕಿ ನಿಜಕ್ಕೂ ಉಳಿದಿತ್ತೋ, ನೆನಪು ಮಾತ್ರ ಉಳಿದಿತ್ತೋ, ಬಿಡಿ. ಅದಕ್ಕೂ ಮೊದಲು ಮಾರ್ಕೋ ಪೋಲೋ ಆನೆಯನ್ನೇ ಎತ್ತಿ ಮೇಲಿನಿಂದ ಬಿಡುವ ರುಖ್ ಹಕ್ಕಿಯನ್ನು ಇದೇ ಕಡೆಯ ಸಮುದ್ರಕ್ಕೆ ತಂದು ಕೂರಿಸಿದ್ದ. ಗಂಡಭೇರುಂಡದ ಉಗುರಿನಲ್ಲಿ ಆನೆ ನೇತಾಡುವುದನ್ನು ಕೆಳದಿಯ ದೇಗುಲದಲ್ಲಿ ನೋಡಿರುವ ನಮಗೆ ಆ ಕಥೆ ಹೊಸದೇನಲ್ಲ. ವಿಜ್ಞಾನಕ್ಕೆ ಇದು ಸಿಕ್ಕಿದ್ದು 1851ರಲ್ಲಿ. ಒಬ್ಬ ಹಡಗಿನ ಕಪ್ತಾನ ಕಳಿಸಿದ ಮೊಟ್ಟೆ ಮತ್ತು ಕೆಲವು ಮೂಳೆಗಳನ್ನು ಪ್ಯಾರಿಸ್ಸಿನ ಅಕಾಡೆಮಿಯ ಮುಂದಿಟ್ಟು ಇಸಿದೋರ್ ಜೆಫ್ರುವಾ ಸೇಂತ್-ಇಲೇರ್ ಈಪಿಯೋರ್ನಿಸ್ ಮ್ಯಾಕ್ಸಿಮಸ್ ಎಂದು ನಾಮಕರಣ ಮಾಡಿದ. ಗಮನಿಸಿ, ಅಲ್ಲಿಗೂ ಮೊದಲು ಬಂದದ್ದು ಮೊಟ್ಟೆಯೇ.

ಆಮೇಲಿನ ನೂರೈವತ್ತು ವರ್ಷ ತೂಕದ ಲೆಕ್ಕದಲ್ಲಿ ಕಳೆಯಿತು. ಸಿಕ್ಕ ಮೂಳೆಯೆಲ್ಲ ಬಿಡಿಬಿಡಿ; ಒಬ್ಬೊಬ್ಬರು ಒಂದೊಂದು ಜಾತಿ ಕಟ್ಟಿದರು. 2018ರಲ್ಲಿ ಜೇಮ್ಸ್ ಹ್ಯಾನ್ಸ್‌ಫರ್ಡ್ ಮತ್ತು ಸ್ಯಾಮ್ಯುಯೆಲ್ ಟರ್ವಿ ಹಲವು ದೇಶಗಳ ಮ್ಯೂಸಿಯಂಗಳಲ್ಲಿದ್ದ ನೂರಾರು ಮೂಳೆಗಳನ್ನು ಅಳೆದು, ಎಲ್ಲಕ್ಕಿಂತ ದೊಡ್ಡವನ್ನು ಬೇರೆ ಮಾಡಿ ವೊರೊಂಬೆ ಟೈಟನ್ ಎಂದು ಹೆಸರಿಟ್ಟರು: ಸರಾಸರಿ ತೂಕ ಸುಮಾರು 650 ಕಿಲೋ, ಗರಿಷ್ಠ 860. ಪತ್ರಿಕೆಗಳು ಕುಣಿದವು. ಐದೇ ವರ್ಷಕ್ಕೆ, 2023ರಲ್ಲಿ, ಇನ್ನೊಂದು ತಂಡ ಮೊಟ್ಟೆಚಿಪ್ಪುಗಳ ಒಳಗೆ ಉಳಿದಿದ್ದ ಡಿಎನ್‌ಎ ಓದಿ ಬೇರೆ ಮಾತು ಹೇಳಿತು. ದಕ್ಷಿಣದ ದಪ್ಪ ಚಿಪ್ಪುಗಳಲ್ಲಿ ಎರಡು ಜಾತಿ ಕಾಣುತ್ತಿಲ್ಲ. ವೊರೊಂಬೆ ಎಂದರೆ ಹಳೆಯ ಈಪಿಯೋರ್ನಿಸ್‌ನ ಹೆಣ್ಣೇ ಇರಬಹುದು, ಗಂಡಿಗಿಂತ ಬಹಳ ದೊಡ್ಡ ಹೆಣ್ಣು.

ಇದು ನಂಬಲಾಗದ ಮಾತಲ್ಲ. ನ್ಯೂಜಿಲೆಂಡಿನ ಮೋವಾ ಹಕ್ಕಿಯಲ್ಲಿ ಹೀಗೇ ಆಗಿತ್ತು. ದೊಡ್ಡ ಮೂಳೆ, ಸಣ್ಣ ಮೂಳೆ ನೋಡಿ ಬೇರೆ ಬೇರೆ ಜಾತಿ ಎಂದುಕೊಂಡಿದ್ದರು. 2003ರಲ್ಲಿ ಡಿಎನ್‌ಎ ಪರೀಕ್ಷೆಯಾದಾಗ ಅವು ಗಂಡಹೆಂಡಿರು. ಹೆಣ್ಣು 200 ಕಿಲೋ ಮೀರುತ್ತದೆ, ಕತ್ತು ಎತ್ತಿದರೆ ಮೂರೂವರೆ ಮೀಟರ್. ಆ ಲೆಕ್ಕಕ್ಕೆ ಎತ್ತರದಲ್ಲಿ ಮೋವಾ ಮುಂದೆ, ಭಾರದಲ್ಲಿ ಇಲ್ಲಿಯದು. ಅಷ್ಟು ದೊಡ್ಡ ಮೋವಾದ ಮೊಟ್ಟೆಯ ಚಿಪ್ಪು ಮಾತ್ರ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಯಾರು ಕಾವು ಕೂತರು ಹಾಗಾದರೆ? ಚಿಪ್ಪಿನ ಹೊರಮೈಯನ್ನು ಒರೆಸಿ ತೆಗೆದ ಡಿಎನ್‌ಎ ಗಂಡಿನದಾಗಿತ್ತು. ಕಾವಿಗೆ ಕೂತವನು ಹಗುರ ಮೈಯ ಅಪ್ಪ.

ನಿಮ್ಮ ಕೈಯಲ್ಲಿರುವ ಚೂರನ್ನು ತಿರುಗಿಸಿ ನೋಡಿ.

ಆನೆಹಕ್ಕಿಯ ಹತ್ತಿರದ ನೆಂಟ ಯಾರು ಎನ್ನುವ ಪ್ರಶ್ನೆಯೂ ಡಿಎನ್‌ಎಯಿಂದಲೇ ಬಗೆಹರಿಯಿತು, 2014ರಲ್ಲಿ. ಎದುರಿಗೇ 400 ಕಿಲೋಮೀಟರ್ ಕಡಲಾಚೆ ಆಫ್ರಿಕಾದಲ್ಲಿರುವ ಉಷ್ಟ್ರಪಕ್ಷಿಯಲ್ಲ. ಸಾವಿರಾರು ಮೈಲಿ ಆಚೆಯ ನ್ಯೂಜಿಲೆಂಡಿನ, ಕೋಳಿ ಗಾತ್ರದ ಕಿವಿ. ಈ ದ್ವೀಪಕ್ಕೂ ಆ ದ್ವೀಪಕ್ಕೂ ಇರುವ ದೂರ ಎರಡೂ ಹಕ್ಕಿಗಳ ಕವಲು ಒಡೆಯುವುದಕ್ಕಿಂತ ಎಷ್ಟೋ ಮೊದಲಿನದು. ಹಾಗಾಗಿ ಇವುಗಳ ಪೂರ್ವಿಕರು ಹಾರಿಯೇ ಬಂದಿರಬೇಕು. ಬಂದಮೇಲೆ ರೆಕ್ಕೆ ಬಿಟ್ಟು ಮೈ ಬೆಳೆಸಿಕೊಂಡವು. ಅದಕ್ಕೂ ಮುನ್ನ ಈ ದ್ವೀಪ ನಮ್ಮ ನೆಲಕ್ಕೇ ಅಂಟಿಕೊಂಡಿತ್ತು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಅಲ್ಲಿನ ಆರು ಮೂಲೆಯ ಕಲ್ಲುಕಂಬಗಳ ಮೇಲೆ ಫೋಟೋ ತೆಗೆಸಿಕೊಂಡಿರುತ್ತೀರಿ. ಆ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮಡಗಾಸ್ಕರಿನಿಂದ ಕಿತ್ತುಕೊಂಡು ಹೊರಟಾಗ ಉಕ್ಕಿದ ಲಾವಾ. ಇಲ್ಲಿಂದ ಪಶ್ಚಿಮಕ್ಕೆ, ದೀಪಸ್ತಂಭ ಇರುವ ಭೂಶಿರಕ್ಕೂ ಸೇಂಟ್ ಮೇರಿ ಎಂದೇ ಹೆಸರು. ಅದು ಬರೀ ಆಕಸ್ಮಿಕ. ಬಿರುಕು ಮಾತ್ರ ಎರಡೂ ದಡಕ್ಕೆ ಸೇರಿದ್ದು. ಭಾರತಕ್ಕೆ ಆನೆಹಕ್ಕಿ ಬರಲಿಲ್ಲ. ಬಂದದ್ದು ಉಷ್ಟ್ರಪಕ್ಷಿ, ಬೇರೆ ದಾರಿಯಿಂದ. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಶಿಲಾಯುಗದ ಜನ ಗೆರೆ ಕೊರೆದಿಟ್ಟ ಅದರ ಚಿಪ್ಪು ಸಿಕ್ಕಿದೆ.

ಇಂದು ಬದುಕಿರುವ ಹಕ್ಕಿಗಳಲ್ಲಿ ಎತ್ತರಕ್ಕೂ ತೂಕಕ್ಕೂ ಆ ಉಷ್ಟ್ರಪಕ್ಷಿಯೇ ಮೊದಲು, 2.7 ಮೀಟರ್, 150 ಕಿಲೋ. ಆನೆಹಕ್ಕಿಯ ಪಕ್ಕ ನಿಲ್ಲಿಸಿದರೆ ಅದು ಬಡಕಲು. ತೂಕದಲ್ಲಿ ಇದಕ್ಕೆ ಪೈಪೋಟಿ ಕೊಡುವ ಹಕ್ಕಿಯೆಂದರೆ ಆಸ್ಟ್ರೇಲಿಯಾದ ಡ್ರೊಮೊರ್ನಿಸ್. ಅದು ಅಳಿದೇ ಲಕ್ಷಾಂತರ ವರ್ಷವಾಯಿತು, ಮತ್ತು ಅದು ಬಾತುಕೋಳಿಯ ಕಡೆಯ ನೆಂಟ. ಅರ್ಧ ಟನ್ನಿನ ಬಾತು ಎಂದು ನಗಬೇಡಿ.

ಕಡಲ ಕಡೆ ತಿರುಗಿ. ಈ ನೀರಿನ ಮೇಲೆ ದಕ್ಷಿಣ-ಆಗ್ನೇಯಕ್ಕೆ ಹೋದರೆ ಕ್ರೋಜೆ ಎಂಬ ದ್ವೀಪಗಳಿವೆ. ಅಲ್ಲಿ ಗೂಡು ಕಟ್ಟುವ ವಾಂಡರಿಂಗ್ ಆಲ್ಬಟ್ರಾಸ್‌ನ ರೆಕ್ಕೆ ತುದಿಯಿಂದ ತುದಿಗೆ ಮೂರೂವರೆ ಮೀಟರ್‌ವರೆಗೆ, ಬದುಕಿರುವ ಹಕ್ಕಿಗಳಲ್ಲೇ ಅತಿ ಅಗಲ. 1989ರಲ್ಲಿ ಫ್ರೆಂಚ್ ವಿಜ್ಞಾನಿಗಳು ಅವುಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಕಟ್ಟಿದರು. ಜೋಡಿ ಕಾವು ಕೂತಿದ್ದಾಗ ಮೇವಿಗೆಂದು ಹೊರಟ ಹಕ್ಕಿ ಒಂದೇ ಸುತ್ತಿನಲ್ಲಿ 3,600ರಿಂದ 15,000 ಕಿಲೋಮೀಟರ್ ಹಾರಿ ಬಂತು. ಅದರ ಇಮ್ಮಡಿ ರೆಕ್ಕೆಯ ಹಕ್ಕಿಯೂ ಒಂದಿತ್ತು, ಎರಡೂವರೆ ಕೋಟಿ ವರ್ಷದ ಹಿಂದೆ: ಪೆಲಗೋರ್ನಿಸ್ ಸ್ಯಾಂಡರ್ಸಿ. ಅದರ ಮೂಳೆ ಸಿಕ್ಕಿದ್ದು 1983ರಲ್ಲಿ, ಅಮೆರಿಕದ ಚಾರ್ಲ್‌ಸ್ಟನ್ನಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊಸ ಟರ್ಮಿನಲ್ ಕಟ್ಟಲು ನೆಲ ಅಗೆಯುತ್ತಿದ್ದಾಗ. ಜಾಗದ ಆಯ್ಕೆಗೆ ನಾನೇನೂ ಸೇರಿಸಬೇಕಿಲ್ಲ.

ಆದರೆ ಈ ಕಡಲಿನಲ್ಲಿ ಆನೆಹಕ್ಕಿಯದೂ ಒಂದು ಪಯಣವಿದೆ. ಮಳೆಗೆ ಕೊಚ್ಚಿಯೋ, ದಿಬ್ಬ ಕುಸಿದೋ ನೀರಿಗೆ ಬಿದ್ದ ಮೊಟ್ಟೆ ಮುಳುಗಲೇಬೇಕೆಂದಿಲ್ಲ. ಒಳಗಿನದು ಕೊಳೆತು ಹಗುರಾದರೆ ತೇಲುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಲ್ಲಿ ಅಂಥ ಎರಡು ಪೂರ್ತಿ ಮೊಟ್ಟೆಗಳು ಸಿಕ್ಕಿವೆ. ಒಂದು 1930ರ ದಶಕದಲ್ಲಿ ಸ್ಕಾಟ್ ನದಿಯ ಹತ್ತಿರ. ಇನ್ನೊಂದು 1992ರಲ್ಲಿ ಸರ್ವಾಂಟಿಸ್ ಎಂಬ ಊರಿನ ಮರಳುದಿಬ್ಬದಲ್ಲಿ, ಆಟವಾಡುತ್ತಿದ್ದ ಶಾಲೆಯ ಮಕ್ಕಳಿಗೆ. ಅದರ ವಯಸ್ಸು ಸುಮಾರು 2,000 ವರ್ಷ. ಇಲ್ಲಿಂದ ಅಲ್ಲಿಗೆ ಆರೇಳು ಸಾವಿರ ಕಿಲೋಮೀಟರ್, ಪಡುವಣ ಗಾಳಿ ಮತ್ತು ಪ್ರವಾಹದ ಬೆನ್ನೇರಿ. ಅಷ್ಟು ದೂರದ ಅಲೆ ತಿಂದೂ ಒಡೆಯದ ಚಿಪ್ಪು ಈ ದಿಬ್ಬದ ಮೇಲೆ ಕಾಲಿಟ್ಟಲ್ಲೆಲ್ಲ ಚೂರಾಗಿ ಬಿದ್ದಿದೆ. ಇಷ್ಟು ಚೂರು ಬೀಳಬೇಕಾದರೆ ಹಕ್ಕಿಗಳು ಇಲ್ಲಿ ಎಷ್ಟು ತಲೆಮಾರು ಬಂದು ಮೊಟ್ಟೆಯಿಟ್ಟಿರಬೇಕು? ಇವುಗಳಲ್ಲಿ ಮರಿ ಒಡೆದು ಹೊರಬಂದದ್ದು ಎಷ್ಟು, ಮನುಷ್ಯ ಒಡೆದದ್ದು ಎಷ್ಟು ಎಂದು ಒಂದೊಂದೇ ಚೂರಿನ ಒಳಮೈ ನೋಡಿ ಲೆಕ್ಕ ಹಾಕುವ ಕೆಲಸ ಇನ್ನೂ ಬಹಳ ಬಾಕಿಯಿದೆ.

ಹಾರ್ನ್ ಕೇಳುತ್ತದೆ. ಡ್ರೈವರ್ ಕೈಬೀಸಿ ಕರೆಯುತ್ತಿದ್ದಾನೆ. ದನ ಹೊಡೆದುಕೊಂಡು ಹೋಗುವ ಕಳ್ಳರ ಕಾಟ ಈ ಸೀಮೆಯಲ್ಲಿ ಜಾಸ್ತಿ, ಕತ್ತಲಾದ ಮೇಲೆ ತ್ಸಿಹೊಂಬೆಯ ದಾರಿಯಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಹುಡುಗ ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದಾನೆ. ಆಗುವುದಿಲ್ಲಪ್ಪ ಎಂದು ನೀವು ತಲೆಯಾಡಿಸುತ್ತೀರಿ. ಮೊಟ್ಟೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ ಅವನು, ಹಾಗಾದರೆ ಬಿಸ್ಕತ್ತಾದರೂ ಇದೆಯೇ ಎಂದು ಕೇಳುತ್ತಾನೆ.